ಟ್ಯಾಂಕಿನ ಪಕ್ಕದ ಪ್ರಾರ್ಥನೆ

ನಮ್ಮ ಮನೆಯಲ್ಲಿ ದೇವರು ಬಿಸಿನೀರಿನ ಟ್ಯಾಂಕಿನ ಪಕ್ಕದಲ್ಲಿ ಇದ್ದರು. ದೇವರು ಎಲ್ಲ ಕಡೆಯೂ ಇದ್ದಾರೆ ಎಂದು ಸಂಡೇ ಸ್ಕೂಲಿನಲ್ಲಿ ಹೇಳಿಕೊಟ್ಟದ್ದು ನಿಜ, ಆದರೆ ಲಂಡನ್ನಿನ ಹೌನ್ಸ್ಲೋದಲ್ಲಿ ನಗರಸಭೆ ಬಾಡಿಗೆಗೆ ಕೊಟ್ಟಿದ್ದ ನಮ್ಮ ಕೌನ್ಸಿಲ್ ಫ್ಲ್ಯಾಟಿನಲ್ಲಿ ಎಲ್ಲ ಕಡೆ ಎನ್ನುವಷ್ಟು ಕಡೆ ಇರಲಿಲ್ಲ. ಪಪ್ಪ ಅಮ್ಮ ಮಲಗುವ ಒಂದು ಕೋಣೆ, ನಾನು ಮಲಗುವ ಹಾಲ್, ಇಬ್ಬರು ನಿಂತರೆ ಮೂರನೆಯವರು ಬಾಗಿಲಲ್ಲೇ ನಿಂತು ಮಾತಾಡಬೇಕಾದ ಅಡುಗೆಮನೆ. ಹಾಲಿನ ಗೋಡೆಯೊಳಗೆ ಒಂದು ಕಬೋರ್ಡ್ ಇತ್ತು. ಅದರಲ್ಲಿ ಶಾಖ ಹೋಗದ ಹಾಗೆ ಹಳದಿ ಫೋಮಿನ ಕೋಟು ಹಾಕಿಕೊಂಡ ದೊಡ್ಡ ನೀರಿನ ಟ್ಯಾಂಕು, ಅದರ ಮೇಲಿನ ಹಲಗೆಗಳಲ್ಲಿ ಒಣಗಲು ಇಟ್ಟ ಟವೆಲು, ಬೆಡ್‌ಶೀಟು. ಇಡೀ ಮನೆಯಲ್ಲಿ ಚಳಿಗಾಲದಲ್ಲೂ ಬೆಚ್ಚಗಿರುತ್ತಿದ್ದ ಜಾಗ ಅದೊಂದೇ. ಪ್ರಾರ್ಥನೆ ಮಾಡುವವನು ತನ್ನ ಕೋಣೆಗೆ ಹೋಗಿ, ಬಾಗಿಲು ಮುಚ್ಚಿಕೊಂಡು, ಯಾರಿಗೂ ಕಾಣದ ಹಾಗೆ ಮಾಡಬೇಕು ಎಂಬ ಮಾತು ಮತ್ತಾಯನ ಸುವಾರ್ತೆಯಲ್ಲಿದೆಯಲ್ಲ, ನಾವು ಬಂದ ಮೊದಲ ಚಳಿಗಾಲದಲ್ಲಿ ಒಂದು ಸಂಜೆ ಪಪ್ಪ ಅದನ್ನು ಓದುತ್ತಾ ಓದುತ್ತಾ ನಿಲ್ಲಿಸಿದರು. ಉಡುಪಿಯ ಚರ್ಚಿನ ಸಭೆಯಲ್ಲಿ ಇದೇ ಮಾತನ್ನು ಎಷ್ಟು ಸಲ ಕೇಳಿದ್ದರೋ. ಅಲ್ಲಿ ಮನೆ ತುಂಬ ಕೋಣೆಗಳಿದ್ದ ಕಾರಣ ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಇಲ್ಲಿ ಒಬ್ಬೊಬ್ಬರಿಗೆ ಒಂದು ಕೋಣೆ ಇಲ್ಲದ ಕಾರಣ ಅದು ಪಪ್ಪನಿಗೆ ನಾಟಿತು. ಅವರು ಸತ್ಯವೇದವನ್ನು, ಅಂದರೆ ಬೈಬಲನ್ನು, ಓದುತ್ತಿದ್ದದ್ದು ಹೊಸ ಮಿಕ್ಸಿಯ ಜೊತೆ ಬಂದ ಸೂಚನೆಯ ಕಾಗದವನ್ನು ಓದುವ ಹಾಗೆ: ಹೇಳಿದ ಹಾಗೆ ಮಾಡಬೇಕು, ಇಲ್ಲದಿದ್ದರೆ ಕೆಟ್ಟುಹೋದೀತು. ಎದ್ದು ಕಬೋರ್ಡ್ ತೆರೆದು, ಟವೆಲು ಬೆಡ್‌ಶೀಟುಗಳನ್ನು ಹೊರಗೆ ಹಾಕಿ, ಕೆಳಗಿನ ಹಲಗೆಯನ್ನು ಕಿತ್ತು, ಅಡುಗೆಮನೆಯ ಸ್ಟೂಲನ್ನು ಒಳಗೆ ತುರುಕಿದರು.

"ಬಾಗಿಲು ಉಂಟು, ಮುಚ್ಚಲಿಕ್ಕೆ ಬರ್ತದೆ. ಕೋಣೆಗೆ ಮತ್ತೆಂತ ಬೇಕು ಸುಗುಣ?"

"ಟವೆಲು ಎಲ್ಲಿ ಒಣಗಿಸುದು?" ಎಂದಳು ಅಮ್ಮ.

ಅದಕ್ಕೆ ಮತ್ತಾಯನಲ್ಲಿ ಉತ್ತರ ಇರಲಿಲ್ಲ. ಆ ಚಳಿಗಾಲವಿಡೀ ನಾವು ಒದ್ದೆ ಟವೆಲಿನಲ್ಲಿ ಮೈ ಒರೆಸಿಕೊಂಡೆವು.

ಹೀಗೆ ಕ್ರಮ ಶುರುವಾಯಿತು. ಊಟ ಮುಗಿದ ಮೇಲೆ ಹಾಲಿನಲ್ಲಿ ಒಂದು ಕೀರ್ತನೆ, ಆಮೇಲೆ ಸತ್ಯವೇದದ ಒಂದು ಅಧ್ಯಾಯ. ಒಬ್ಬೊಬ್ಬರು ಒಂದೊಂದು ವಚನ ಓದಬೇಕು. ಮನೆಯಲ್ಲಿದ್ದ ಒಂದೇ ಕನ್ನಡ ಪುಸ್ತಕ ಅದು, ಹಾಗಾಗಿ ಪಪ್ಪ ನನಗೆ ಅಕ್ಷರ ಕಲಿಸಿದ್ದೂ ಅದರಲ್ಲೇ. ಬೇರೆ ಮಕ್ಕಳು ಅರಸ ಆಟ ಎಂದು ಕಲಿಯುವಾಗ ನಾನು ಅಬ್ರಹಾಮ ಆದಾಮ ಎಂದು ಕಲಿತೆ. ನಾವಿದ್ದದ್ದು ವಿಮಾನಗಳು ಇಳಿಯುವ ದಾರಿಯ ಕೆಳಗೆ. ಒಂದು ವಿಮಾನ ಬಂದಾಗ ಓದುತ್ತಿದ್ದವರು ಬೆರಳನ್ನು ಸಾಲಿನ ಮೇಲಿಟ್ಟು ನಿಲ್ಲಿಸುವುದು, ಅದು ದಾಟಿದ ಮೇಲೆ ಮುಂದುವರಿಸುವುದು. ನನ್ನ ನೆನಪಿನಲ್ಲಿ ಮೋಶೆ ಕೆಂಪು ಸಮುದ್ರವನ್ನು ದಾಟಿದ್ದು ಮೂರು ಕಂತಿನಲ್ಲಿ. ಓದಾದ ಮೇಲೆ ಪಪ್ಪ ಪುಸ್ತಕ ಮುಚ್ಚಿ, ಕನ್ನಡಕ ತೆಗೆದು, ಒಂದೇ ಪ್ರಶ್ನೆ ಕೇಳುತ್ತಿದ್ದರು: ಇದು ಇವತ್ತು ನಿನಗೆ ಎಂತ ಹೇಳ್ತದೆ? ನಿನ್ನೆ ಅಲ್ಲ, ನಾಳೆ ಅಲ್ಲ, ಇವತ್ತು. ಮನೆಯಲ್ಲಿ ಇದ್ದವರೆಲ್ಲ ಉತ್ತರ ಕೊಡಲೇಬೇಕು. ಅಮ್ಮ ಯಾವ ಅಧ್ಯಾಯಕ್ಕೂ ಒಂದೇ ಉತ್ತರ ಕೊಡುತ್ತಿದ್ದಳು, "ತಾಳ್ಮೆ ಬೇಕು ಅಂತ." ಗೊಲ್ಯಾತನ ತಲೆ ಕಡಿದ ಕತೆ ಓದಿದ ದಿನವೂ ಅದೇ. ಪಪ್ಪ ತಮ್ಮ ಕೆಲಸದ ಜಾಗಕ್ಕೆ ಹೊಂದಿಸಿ ಹೇಳುತ್ತಿದ್ದರು. ಅವರು ಹೀಥ್ರೋದ ಕಾರ್ಗೋ ಶೆಡ್ಡಿನಲ್ಲಿ ಪೆಟ್ಟಿಗೆ ಎತ್ತುವವರು, ಭಾರ ಹೊತ್ತವರ ಬಗ್ಗೆ ಬಂದ ವಚನಗಳೆಲ್ಲ ಅವರಿಗೆ ಸೇರಿದವು. ನನ್ನ ಸರದಿ ಬಂದಾಗ ನನಗೆ ಯಾವ ಅಧ್ಯಾಯದಲ್ಲೂ ಅಪಾಯವೇ ಕಾಣುತ್ತಿತ್ತು. ನೋಹನ ಜಲಪ್ರಳಯದ ಕತೆ ಆದ ದಿನ ನಾವು ಎಷ್ಟನೇ ಮಹಡಿಯಲ್ಲಿದ್ದೇವೆ ಎಂದು ಕೇಳಿದೆ. ನಾಳಿನ ಚಿಂತೆ ಮಾಡಬೇಡಿ, ಹಕ್ಕಿಗಳನ್ನು ನೋಡಿ ಎಂದು ಓದಿದ ದಿನದಿಂದಂತೂ ಚಿಂತೆ ಮಾಡುವುದೇ ಪಾಪವೆಂದು ಗೊತ್ತಾಗಿ, ಚಿಂತೆ ಮಾಡುತ್ತಿದ್ದೇನೆಂಬ ಚಿಂತೆ ಹೊಸದಾಗಿ ಸೇರಿಕೊಂಡಿತು. ಅದು ಇನ್ನೂ ಹೋಗಿಲ್ಲ. ಈಗ ವಯಸ್ಸಿಗೆ ತಕ್ಕ ಹಾಗೆ ರಕ್ತದೊತ್ತಡದ ಹೆಸರಿನಲ್ಲಿ ಇದೆ, ಜಿಪಿ ಡಾಕ್ಟರು ಅದಕ್ಕೆ ಮಾತ್ರೆ ಕೊಡುತ್ತಾರೆ.

ಆಮೇಲೆ ಒಬ್ಬೊಬ್ಬರಾಗಿ ಕಬೋರ್ಡಿನೊಳಗೆ. ಬೇಗ ಮಲಗಬೇಕಾದವಳು ಎಂದು ನಾನು ಮೊದಲು, ಆಮೇಲೆ ಅಮ್ಮ, ಕೊನೆಗೆ ಪಪ್ಪ. ಒಳಗೆ ಕತ್ತಲು, ಟ್ಯಾಂಕಿನ ಹೊಟ್ಟೆಯಲ್ಲಿ ಗುಳುಗುಳು ಸದ್ದು. ಗ್ಯಾಸ್ ಸೋರದಿರಲಿ, ಲಿಫ್ಟ್ ನಡುವೆ ನಿಲ್ಲದಿರಲಿ, ವಿಮಾನ ನಮ್ಮ ಮನೆಯ ಮೇಲೆ ಬೀಳದಿರಲಿ, ಬಿದ್ದರೂ ಶಾಲೆಯ ಹೊತ್ತಿನಲ್ಲಿ ಬೀಳಲಿ ಎಂದು ಇಂಗ್ಲಿಷಿನಲ್ಲಿ ಕೇಳಿಕೊಂಡು ಬಂದು ನಾನು ಮಡಚುವ ಮಂಚದಲ್ಲಿ ಮಲಗುತ್ತಿದ್ದೆ. ಇಂಗ್ಲಿಷಿನಲ್ಲಿ ಯಾಕೆಂದರೆ ಓದುವುದು ಬಿಟ್ಟರೆ ನಾನು ಕನ್ನಡದಲ್ಲಿ ಬಾಯಿ ತೆರೆಯುತ್ತಿರಲಿಲ್ಲ. ಅಮ್ಮ ಕನ್ನಡದಲ್ಲಿ ಕೇಳುವುದು, ನಾನು ಇಂಗ್ಲಿಷಿನಲ್ಲಿ ಹೇಳುವುದು. ಅಮ್ಮನಿಗೆ ನನ್ನ ಇಂಗ್ಲಿಷಿನ ಅರ್ಧ ಅರ್ಥವಾಗುತ್ತಿತ್ತು. ಉಳಿದರ್ಧ ಮುಖ್ಯವಲ್ಲ ಎಂದು ಇಬ್ಬರೂ ತಿಳಿದುಕೊಂಡಿದ್ದೆವು. ಅವಳು ವಿಮಾನದ ಊಟದ ಟ್ರೇಗಳಿಗೆ ಬ್ರೆಡ್ಡು ಬೆಣ್ಣೆ ಇಡುವ ಕೆಲಸಕ್ಕೆ ಹೋಗುತ್ತಿದ್ದಳು. ಆಚೆ ಈಚೆ ನಿಂತವರು ಪಂಜಾಬಿಯಲ್ಲಿ ನಗುತ್ತಿದ್ದರು, ಇವಳೂ ಅವರು ನಕ್ಕಾಗ ನಗುತ್ತಿದ್ದಳು. ಪಪ್ಪನದು ಶಿಫ್ಟಿನ ಕೆಲಸ, ಜೊತೆಗೆ ಮಾತು ಬಹಳ ಕಮ್ಮಿ. ದಾರಿಯಲ್ಲಿ ಯಾರಾದರೂ ಗಂಟೆ ಎಷ್ಟು ಎಂದರೆ ಬಾಯಿಯಲ್ಲಿ ಹೇಳದೆ ವಾಚು ಕಟ್ಟಿದ ಕೈಯನ್ನು ಚಾಚುವ ಮನುಷ್ಯ. ವಾರದ ಆರಾಧನೆಗೆ ಹತ್ತಿರದ ಇಂಗ್ಲಿಷ್ ಚರ್ಚಿಗೆ ಹೋಗುತ್ತಿದ್ದೆವು. ಅಲ್ಲಿ ಎಲ್ಲರೂ ಒಳ್ಳೆಯವರು, ಬಾಗಿಲಲ್ಲಿ ಕೈ ಕುಲುಕಿ ಹವೆಯ ಬಗ್ಗೆ ಹೇಳುತ್ತಿದ್ದರು, ಮುಂದಿನ ವಾರ ಮತ್ತೆ ಹವೆಯ ಬಗ್ಗೆ ಹೇಳುತ್ತಿದ್ದರು.

ನನ್ನ ಮಂಚದ ತಲೆಯ ಕಡೆ ಇದ್ದದ್ದೇ ಕಬೋರ್ಡಿನ ಗೋಡೆ. ಅದು ಗೋಡೆಯೂ ಅಲ್ಲ, ಬಣ್ಣ ಹೊಡೆದ ಹಲಗೆ. ಅಮ್ಮ ಒಳಗೆ ಏನೋ ಗುನುಗುವುದು ಕೇಳುತ್ತಿತ್ತು, ಆದರೆ ಟ್ಯಾಂಕಿನ ಸದ್ದಿನಲ್ಲಿ ಮಾತು ಬಿಡಿಬಿಡಿಯಾಗಿ ಬರುತ್ತಿರಲಿಲ್ಲ. ಒಂದು ಸಂಜೆ ಟ್ಯಾಂಕು ಸುಮ್ಮನಿತ್ತು. ಎರಡು ವಿಮಾನಗಳ ನಡುವೆ ಅಮ್ಮನ ಸ್ವರ ನನ್ನ ದಿಂಬಿನ ಪಕ್ಕದಲ್ಲೇ ಕೂತು ಹೇಳಿದಷ್ಟು ಸ್ಪಷ್ಟವಾಗಿ ಬಂತು.

"ದೇವರೇ, ಮಾತಾಡ್ಲಿಕ್ಕೆ ಒಂದು ಜನ ಕೊಡು. ಇಲ್ಲದಿದ್ರೆ ನನ್ನನ್ನು ಊರಿಗೆ ಕಳಿಸು. ಇಲ್ಲಿ ನನ್ನ ಬಾಯಿ ಒಣಗಿ ಹೋಗ್ತಾ ಉಂಟು."

ಮೊದಲು ನನಗೆ ಬಂದದ್ದು ಸಿಟ್ಟು. ನಾನು ಜನ ಅಲ್ಲವೇ? ಇಡೀ ದಿನ ಮನೆಯೊಳಗೆ ತಿರುಗುವ, ಅನ್ನ ಉಣ್ಣುವ ನನ್ನನ್ನು ಅವಳು ಲೆಕ್ಕಕ್ಕೇ ಹಿಡಿದಿರಲಿಲ್ಲ. ಆಮೇಲೆ ಎರಡನೆಯ ಮಾತಿನ ಭಯ ಹತ್ತಿತು. ಬೇಡಿದವರಿಗೆ ಸಿಗುತ್ತದೆ, ತಟ್ಟಿದವರಿಗೆ ಬಾಗಿಲು ತೆರೆಯುತ್ತದೆ ಎಂದು ಆಗಷ್ಟೇ ಓದಿದ್ದೆವು. ಹಾಗಾದರೆ ಇದು ನೆರವೇರುವುದು ಖಂಡಿತ, ಯಾವ ಅರ್ಧ ಎನ್ನುವುದಷ್ಟೇ ಬಾಕಿ. ಹೌನ್ಸ್ಲೋದಲ್ಲಿ ಮೊದಲ ಅರ್ಧ ಎಲ್ಲಿಂದ ಬರಬೇಕು? ಎರಡನೆಯದಕ್ಕೆ ವಿಮಾನಗಳು ತಲೆಯ ಮೇಲೇ ಹಾರುತ್ತಿದ್ದವು. ಮಂಚದಿಂದ ಕತ್ತೆತ್ತಿ ಪಪ್ಪನ ಕಡೆ ನೋಡಿದೆ. ಅವರು ತಮ್ಮ ಸರದಿಗೆ ಕಾಯುತ್ತಾ ಅದೇ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತು ದಿನಾ ತೂಕಡಿಸುವವರು. ಅವತ್ತು ಕಣ್ಣು ತೆರೆದಿತ್ತು. ಹಲಗೆಯನ್ನೇ ನೋಡುತ್ತಿದ್ದರು, ಅದರ ಮೇಲೆ ಏನೋ ಬರೆದಿದೆ ಎನ್ನುವ ಹಾಗೆ. ಕಬೋರ್ಡಿನ ಚಿಲಕದ ಸದ್ದಾಯಿತು. ಪಪ್ಪ ಕಣ್ಣು ಮುಚ್ಚಿ, ಸಣ್ಣದೊಂದು ಗೊರಕೆಯನ್ನೂ ಹೊಡೆದರು. ಅಮ್ಮ ಅವರ ಭುಜ ಅಲುಗಾಡಿಸಿ, ಏಳಿ, ನಿಮ್ಮದು ಆಗಲಿ ಎಂದಳು. ಅವರು ನಿದ್ದೆಯಿಂದ ಎದ್ದವರ ಹಾಗೆ ಮುಖ ಉಜ್ಜಿಕೊಂಡು ಒಳಗೆ ಹೋದರು. ಪಪ್ಪನ ಪ್ರಾರ್ಥನೆ ಯಾವತ್ತೂ ಕೇಳಿಸಿದ್ದಿಲ್ಲ, ಅವರು ದೇವರ ಹತ್ತಿರವೂ ವಾಚೇ ತೋರಿಸುತ್ತಿದ್ದರೋ ಏನೋ.

ಇದನ್ನು ನಾನು ಯಾರಿಗೂ ಹೇಳಲಿಲ್ಲ. ಹೊರಗೆ ಕೇಳುತ್ತದೆ ಎಂದು ಗೊತ್ತಾದರೆ ಅಮ್ಮ ಸ್ವರ ತಗ್ಗಿಸುತ್ತಾಳೆ, ಆಮೇಲೆ ಅವಳು ಹೊರಡುವ ದಿನ ಯಾವುದೆಂದು ನನಗೆ ಗೊತ್ತಾಗುವುದು ಹೇಗೆ? ಬದಲಿಗೆ ನನ್ನ ಪಟ್ಟಿಯಿಂದ ಗ್ಯಾಸ್, ಲಿಫ್ಟ್ ಎರಡನ್ನೂ ತೆಗೆದುಹಾಕಿ, ಎರಡನೆಯ ಅರ್ಧ ಬೇಡ, ಮೊದಲನೆಯದನ್ನೇ ಕೊಡು ಎಂದು ಅಮ್ಮನಿಗಿಂತ ಮೊದಲೇ ಒಳಗೆ ಹೋಗಿ ಹೇಳಿ ಬರುತ್ತಿದ್ದೆ. ಶಾಲೆಯಿಂದ ಬಂದ ಕೂಡಲೇ ಅಮ್ಮನ ಸೂಟ್‌ಕೇಸು ಅವರ ಕೋಣೆಯ ಮಂಚದ ಕೆಳಗೆ ಧೂಳಿನ ಸಮೇತ ಇದೆಯೇ ಎಂದು ಬಗ್ಗಿ ನೋಡುತ್ತಿದ್ದೆ. ಆ ದಿನಗಳಲ್ಲಿ ಪಪ್ಪ ಆರಾಧನೆಯ ನಂತರದ ಭಾನುವಾರದ ಶಿಫ್ಟಿನಿಂದ ತಡವಾಗಿ ಬರತೊಡಗಿದರು. ಓವರ್‌ಟೈಮ್ ಎಂದರು. ಅಮ್ಮ ಅನ್ನವನ್ನು ಮತ್ತೆ ಮತ್ತೆ ಬಿಸಿ ಮಾಡಿದಳು.

ಹಾಗೊಂದು ಭಾನುವಾರ ಪಪ್ಪನ ಹಿಂದೆ ಒಬ್ಬರು ಒಳಗೆ ಬಂದರು. ತೆಳ್ಳಗಿನ ಮನುಷ್ಯ, ತೆಳ್ಳಗಿನ ಸ್ವೆಟರು, ಹೆಗಲ ಮೇಲೆ ಪ್ಲಾಸ್ಟಿಕ್ ಹಗ್ಗ ಸುತ್ತಿದ ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಯಾವುದೋ ಅಂಗಡಿಯ ಹೆಸರು ಕನ್ನಡದಲ್ಲಿ. ಸತ್ಯವೇದದ ಹೊರಗೆ ಕನ್ನಡ ಅಕ್ಷರ ಇರುವುದನ್ನು ನಾನು ಲಂಡನ್ನಿನಲ್ಲಿ ನೋಡಿದ್ದು ಅದೇ ಮೊದಲು.

"ಕುಂದಾಪುರದವರು. ಬಸ್ ಸ್ಟಾಪಲ್ಲಿ ಸಿಕ್ಕಿದ್ರು," ಎಂದರು ಪಪ್ಪ, ದಾರಿಯಲ್ಲಿ ತರಕಾರಿ ಅಗ್ಗಕ್ಕೆ ಸಿಕ್ಕಿತು ಎನ್ನುವ ಹಾಗೆ.

ಅವರ ಹೆಸರು ಮಂಜುನಾಥ, ನಮಗೆ ಮಂಜಣ್ಣ. ಲಂಡನ್ನಿನ ಇನ್ನೊಂದು ಮೂಲೆಯ ವೆಂಬ್ಲಿಯ ಒಂದು ಹೋಟೆಲಿಗೆ ಅಡುಗೆಯವರಾಗಿ ಅವತ್ತು ತಾನೇ ವಿಮಾನ ಇಳಿದಿದ್ದರು. ಏರ್‌ಪೋರ್ಟಿನ ಬಸ್ ಸ್ಟಾಪಿನಲ್ಲಿ ಪೆಟ್ಟಿಗೆಯ ಮೇಲಿನ ಅಕ್ಷರವನ್ನು ಪಪ್ಪ ಜೋರಾಗಿ ಓದಿ, ನಿಮಗೆ ಕನ್ನಡ ಬರ್ತದಾ ಎಂದು ಕೇಳಿದರಂತೆ. ಬಾರದೆ ಪೆಟ್ಟಿಗೆ ಹೊತ್ತುಕೊಂಡು ಬಂದೆನಾ ಎಂದು ಅವರು ನಗುತ್ತಾ ಅಮ್ಮನಿಗೆ ಹೇಳಿದರು. ಅಮ್ಮ ಮೂರು ಜನರ ಬಂಗುಡೆ ಸಾರನ್ನು ನಾಲ್ಕು ತಟ್ಟೆಗೆ ಮಾಡಿದಳು. ಊಟಕ್ಕೆ ಮೊದಲಿನ ಪ್ರಾರ್ಥನೆಗೆ ಮಂಜಣ್ಣ ನಮಗಿಂತ ಬಿಗಿಯಾಗಿ ಕಣ್ಣು ಮುಚ್ಚಿ ಕೈ ಮುಗಿದರು. ಎರಡು ತುತ್ತು ಉಂಡು ಅಮ್ಮನ ಕಡೆ ತಿರುಗಿದರು.

"ಹ್ವಾಯ್ ಅಕ್ಕಾ, ಮೀನ್ ಲಾಯ್ಕ್ ಇತ್ತ್. ಹುಳಿ ಮಾತ್ರ ಒಂಚೂರ್ ಕಮ್ಮಿ ಕಾಣಿ."

ಅಮ್ಮ ಸಿಟ್ಟಾಗುತ್ತಾಳೆ ಎಂದುಕೊಂಡೆ. ಅಮ್ಮನ ಸಾರಿಗೆ ಹೀಗೆ ಹೇಳಿದವರು ಯಾರೂ ಇರಲಿಲ್ಲ. ಪಪ್ಪ ಸಾರು ಹೇಗಿದ್ದರೂ ತಟ್ಟೆ ಖಾಲಿ ಮಾಡಿ ಏಳುವವರು. ಆದರೆ ಅಮ್ಮ ಕುರ್ಚಿಯನ್ನು ಮುಂದೆ ಎಳೆದುಕೊಂಡು, ಇಲ್ಲಿಯ ಹುಣಸೆಹುಳಿ ಸುಳ್ಳು, ಕಲ್ಲು ಉಂಟು ಹುಳಿ ಇಲ್ಲ ಎಂದು ಶುರು ಮಾಡಿದಳು. ಹುಳಿಯಿಂದ ಮೀನಿಗೆ, ಮೀನಿನಿಂದ ಮಾರ್ಕೆಟಿಗೆ, ಮಾರ್ಕೆಟಿನಿಂದ ಬಸ್‌ ಸ್ಟ್ಯಾಂಡಿನ ಹಿಂದಿನ ಟೈಲರಿಗೆ, ಹೀಗೆ ಮಾತು ಹೋಯಿತು. ಅವಳಿಗೆ ಇಷ್ಟು ಮಾತು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಪಪ್ಪ ಪಕ್ಕದಲ್ಲಿ ಕೂತು ಮುಳ್ಳು ಬಿಡಿಸುತ್ತಿದ್ದರು.

ಊಟವಾದ ಮೇಲೆ ಕ್ರಮ ತಪ್ಪಿಸುವ ಮನುಷ್ಯರಲ್ಲ ಪಪ್ಪ. ಅವತ್ತಿನ ಭಾಗ ಮಾರ್ತಳ ಮನೆಗೆ ಯೇಸು ಬಂದದ್ದು. ತಂಗಿ ಮರಿಯಳು ಪಾದದ ಹತ್ತಿರ ಕೂತು ಮಾತು ಕೇಳುತ್ತಾಳೆ, ಅಕ್ಕ ಅಡುಗೆಮನೆಯಲ್ಲಿ ಒದ್ದಾಡುತ್ತಾಳೆ, ಕೊನೆಗೆ ಹೊಗಳಿಕೆ ಸಿಗುವುದು ಕೂತವಳಿಗೆ. ಅಮ್ಮ ಈ ಭಾಗ ಬಂದಾಗಲೆಲ್ಲ ತಲೆ ತಗ್ಗಿಸಿ ತಾಳ್ಮೆ ಎನ್ನುತ್ತಿದ್ದಳು. ಪಪ್ಪ ಕನ್ನಡಕ ತೆಗೆದು, ಅತಿಥಿ ಎಂದೂ ನೋಡದೆ, ಹಿಂದೂ ಎಂದೂ ನೋಡದೆ, ಇದು ಇವತ್ತು ನಿಮಗೆ ಎಂತ ಹೇಳ್ತದೆ ಎಂದು ಮಂಜಣ್ಣನನ್ನೇ ಕೇಳಿದರು. ಮಂಜಣ್ಣ ನಿಜವಾಗಿಯೂ ಯೋಚಿಸಿ ಹೇಳಿದರು.

"ಆ ಮಾರ್ತಕ್ಕ ಅಡ್ಗಿ ಮಾಡ್ದೇ ಇದ್ರೆ ಎಲ್ಲ್ರೂ ಹಸ್ಕಂಡೇ ಕೂರ್ಕಿತ್ತ್, ಅಲ್ದಾ?"

ಅಮ್ಮ ನಕ್ಕಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ನಿಲ್ಲಲಿಲ್ಲ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ವಿಮಾನವೊಂದು ಬಂದು ಹೋದ ಮೇಲೂ ನಗುತ್ತಿದ್ದಳು. ಅವತ್ತು ಕಬೋರ್ಡಿನೊಳಗೆ ಹೋದವಳು ದೇವರೇ ಸ್ತೋತ್ರ, ಸ್ತೋತ್ರ ಎಂದಷ್ಟೇ ಹೇಳಿ ಹೊರಗೆ ಬಂದಳು. ನಾನು ನಿರಾಳವಾಗಿ ಮಲಗಿದೆ. ಆಮೇಲೆ, ಅವರಿಗೆ ವೆಂಬ್ಲಿಯಿಂದ ಬರುವ ದಾರಿ ತಪ್ಪಿದರೆ ಏನು ಗತಿ ಎಂದು ಎದ್ದು ಕೂತೆ.

ಮಂಜಣ್ಣ ರಜೆ ಸಿಕ್ಕ ಕೆಲವು ಭಾನುವಾರ ಟ್ಯೂಬು ರೈಲು ಬದಲಿಸಿ ಬದಲಿಸಿ ಬಂದರು. ಬರುವಾಗ ಹೋಟೆಲಿನ ಹುಣಸೆಹುಳಿಯ ಕಟ್ಟು ತರುತ್ತಿದ್ದರು. ಆಮೇಲೆ ಅವರ ಧಣಿ ದೂರದ ಇನ್ನೊಂದು ಊರಿನಲ್ಲಿ ಹೋಟೆಲು ತೆರೆದು ಅವರನ್ನು ಅಲ್ಲಿಗೆ ಕಳಿಸಿದ. ಒಂದು ಸಲ ಫೋನು ಬಂತು, ಮತ್ತೆ ಬರಲಿಲ್ಲ. ಅಮ್ಮ ಭಾನುವಾರ ನಾಲ್ಕು ಜನಕ್ಕೆ ಅಕ್ಕಿ ಹಾಕುವುದನ್ನು ನಿಲ್ಲಿಸಲಿಲ್ಲ. ಮಿಕ್ಕ ಅನ್ನವನ್ನು ಸೋಮವಾರ ಮೂವರೂ ಉಣ್ಣುತ್ತಿದ್ದೆವು. ನನಗೆ ಇಂದಿಗೂ ತಂಗಳನ್ನದ ರುಚಿ ಎಂದರೆ ಬಾರದವರ ರುಚಿ. ಚಳಿ ಮತ್ತೆ ಶುರುವಾದಾಗ ಹಲಗೆಯ ಆಚೆಯಿಂದ ಹಳೆಯ ಪ್ರಾರ್ಥನೆಯೂ ಶುರುವಾಯಿತು. ಈ ಸಲ ಒಂದು ಜನ ಕೊಡು ಎಂಬ ಭಾಗ ಇರಲಿಲ್ಲ. ಊರಿಗೆ ಕಳಿಸು ಎಂಬುದಷ್ಟೇ ಇತ್ತು.

ಮಾರನೆಯ ದಿನ ಶಾಲೆಯಿಂದ ಬಂದವಳು ಸೂಟ್‌ಕೇಸು ನೋಡಲು ಬಗ್ಗಲಿಲ್ಲ, ನೇರ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಅಮ್ಮ ಈರುಳ್ಳಿ ಹೆಚ್ಚುತ್ತಿದ್ದಳು. ನನಗೆ ಗೊತ್ತಿದ್ದ ಕನ್ನಡ ಒಂದೇ, ಅದನ್ನೇ ಬಾಯಿಗೆ ತಂದುಕೊಂಡೆ.

"ಅಮ್ಮಾ, ಈ ದಿನ ನನಗೆ ಮಹಾ ಸಂಕಟವು ಉಂಟಾಯಿತು."

ಅಮ್ಮ ಚೂರಿ ಕೆಳಗಿಟ್ಟಳು. "ಎಂತ ಆಯ್ತು?"

"ಒಬ್ಬ ಹುಡುಗಿಯು ನನ್ನ ಪೆನ್ಸಿಲನ್ನು ಅಪಹರಿಸಿದಳು. ಆದಕಾರಣ ನಾನು ಅವಳಿಗೆ ಮತ್ತೊಂದನ್ನೂ ಕೊಟ್ಟೆನು."

"ಮತ್ತೊಂದು ಯಾಕೆ ಕೊಟ್ಟದ್ದು? ತಲೆ ಉಂಟಾ ನಿನಗೆ?"

"ಇನ್ನೊಂದು ಕೆನ್ನೆಯನ್ನೂ ತೋರಿಸಬೇಕಲ್ಲಾ."

"ಅದು ಕೆನ್ನೆಗೆ. ಪೆನ್ಸಿಲಿಗೆ ಅಲ್ಲ. ನಾಳೆ ಹೋಗಿ ಎರಡನ್ನೂ ಇಸ್ಕೊಂಡು ಬಾ."

ಇದು ನಾವಿಬ್ಬರೂ ಒಂದೇ ಭಾಷೆಯಲ್ಲಿ ಮಾಡಿದ ಮೊದಲ ಜಗಳ. ಅಮ್ಮ ನನ್ನ ಕಡೆ ತಿರುಗಿ, ನೀನೆಂತ ಪ್ರವಾದಿ ಯೆಶಾಯನ ಹಾಗೆ ಮಾತಾಡುದು, ಜನರ ಹಾಗೆ ಮಾತಾಡು ಎಂದಳು. ಹೇಗೆ ಎಂದೆ. ಬಾ ಇಲ್ಲಿ, ಈರುಳ್ಳಿ ಸಿಪ್ಪೆ ತೆಗಿ ಎಂದಳು. ಹಾಗೆ ನಾನು ಸಂಜೆಗಳಲ್ಲಿ ಈರುಳ್ಳಿಯ ಪಕ್ಕದಲ್ಲಿ ಅವಳ ಕನ್ನಡ ಕಲಿತೆ. ಎರಡೂ ಪೂರ್ತಿ ಬೆರೆಯಲಿಲ್ಲ. ಈಗಲೂ ನನಗೆ ಬಸ್ಸು ತಪ್ಪಿದರೆ ಒಂದು ಕ್ಷಣ ಪ್ರವಾದಿಯ ಹಾಗೆ ದುಃಖವಾಗುತ್ತದೆ, ಆಮೇಲೆ ಅಮ್ಮನ ಹಾಗೆ ಬೈಗುಳ ಬರುತ್ತದೆ. ಅವಳು ಊರಿಗೆ ಹೋಗಲಿಲ್ಲ. ನನ್ನಿಂದಾಗಿ ಉಳಿದಳು ಎಂದು ಹೇಳುವ ಧೈರ್ಯ ನನಗಿಲ್ಲ. ಅವಳು ಬಾಯಿ ತುಂಬ ಮಾತಾಡಲು ಹತ್ತು ವರ್ಷದ ಹುಡುಗಿ ಎಷ್ಟರವಳು? ಬರಬರುತ್ತಾ ಹಲಗೆಯ ಆಚೆಯ ಸ್ವರ ತಗ್ಗಿತು ಎಂಬುದಷ್ಟೇ ನನಗೆ ಗೊತ್ತು.

ಹೊಸ ಶತಮಾನ ಬಂದು ಸ್ವಲ್ಪ ಕಾಲದಲ್ಲಿ ಪಪ್ಪ ತೀರಿಕೊಂಡರು, ಬದುಕಿದ್ದ ಹಾಗೆಯೇ, ಯಾರಿಗೂ ಏನೂ ಹೇಳದೆ. ನಾನು ಕೆಲಸ ಹಿಡಿದು ವೆಂಬ್ಲಿಯ ಆಚೆಯ ಕಿಂಗ್ಸ್‌ಬರಿಯಲ್ಲಿ ಒಂದು ರೂಮು ಮಾಡಿಕೊಂಡೆ. ಅಷ್ಟರಲ್ಲಿ ಅಲ್ಲೇ ಹತ್ತಿರದ ಒಂದು ಚರ್ಚ್ ಹಾಲಿನಲ್ಲಿ ತಿಂಗಳಿಗೊಮ್ಮೆ ಕನ್ನಡದ ಪ್ರಾರ್ಥನಾ ಕೂಟ ನಡೆಯತೊಡಗಿತ್ತು. ಅಮ್ಮ ತಪ್ಪದೆ ಬರುತ್ತಿದ್ದಳು, ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳಲು ಯಾರಾದರೂ ಇದ್ದೀರಾ ಎಂದ ಕೂಡಲೇ ಏಳುತ್ತಿದ್ದಳು. ಸಾಕ್ಷಿ ಯಾವಾಗಲೂ ಒಂದೇ: ಬಾಗಿಲು ಮುಚ್ಚಿ, ಯಾವ ಮನುಷ್ಯರಿಗೂ ಹೇಳದೆ, ದೇವರಿಗೆ ಮಾತ್ರ ಕೇಳಿದೆ, ದೇವರು ಪೆಟ್ಟಿಗೆ ಹೊತ್ತ ಒಬ್ಬರನ್ನು ನನ್ನ ಬಾಗಿಲಿಗೆ ಕಳಿಸಿದರು. ವರ್ಷ ಹೋದ ಹಾಗೆ ಅವಳ ಮಾತಿನಲ್ಲಿ ಮಂಜಣ್ಣನ ಸ್ವೆಟರು ದೇವದೂತರ ಬಟ್ಟೆಯ ಹಾಗೆ ಬೆಳ್ಳಗಾಗುತ್ತಾ ಬಂತು. ಕೊನೆಗೊಂದು ಸಲ ಅವರು ಉಂಡದ್ದನ್ನೇ ಅಮ್ಮ ಬಿಟ್ಟುಬಿಟ್ಟಳು. ಸಾಕ್ಷಿಯಲ್ಲಿ ಪಪ್ಪ ಇರಲಿಲ್ಲ, ನಾನೂ ಇರಲಿಲ್ಲ. ನಾನು ಹಿಂದಿನ ಸಾಲಿನಲ್ಲಿ ಕೂತಿರುತ್ತಿದ್ದೆ. ಕುರ್ಚಿಯಲ್ಲಿ ಕಣ್ಣು ತೆರೆದು ಕೂತಿದ್ದ ಮನುಷ್ಯನ ವಿಷಯ ನನ್ನೊಬ್ಬಳಿಗೆ ಗೊತ್ತಿತ್ತು. ಅದು ಹೊರಗೆ ಬಂದರೆ ಅವಳ ಸಾಕ್ಷಿ ಬಿದ್ದುಹೋಗುತ್ತದೆ, ಸಾಕ್ಷಿ ಬಿದ್ದರೆ ನಂಬಿಕೆ, ನಂಬಿಕೆ ಬಿದ್ದರೆ ಅವಳಿಗೆ ಲಂಡನ್ನಿನಲ್ಲಿ ಉಳಿಯುವುದೇನು?

ಕೌನ್ಸಿಲಿನವರು ಎಲ್ಲ ಫ್ಲ್ಯಾಟುಗಳ ಹಳೆಯ ಟ್ಯಾಂಕು ತೆಗೆದು ಅಡುಗೆಮನೆಯಲ್ಲಿ ಹೊಸ ಬಾಯ್ಲರು ಕೂರಿಸಿದ ವಾರ ಹೌನ್ಸ್ಲೋಗೆ ಹೋದೆ. ಕಬೋರ್ಡಿನ ಬಾಗಿಲು ತೆರೆದೇ ಇತ್ತು. ಒಳಗೆ ನಾಲ್ಕು ಪೈಪಿನ ತುಂಡು, ಒಂದು ಸ್ಟೂಲು. ಇಷ್ಟು ದೊಡ್ಡದಿತ್ತೇ ಎನಿಸಿತು. ಅಮ್ಮ ಕೈ ಒಳಗೆ ಚಾಚಿ, ತಣ್ಣಗೆ ಉಂಟು ಎಂದಳು.

"ಟ್ಯಾಂಕ್ ಇದ್ದಾಗ ಆ ಸದ್ದಿಗೆ ಹೊರಗೆ ಎಂತದೂ ಕೇಳ್ತಾ ಇರ್ಲಿಲ್ಲ. ಈಗ ಬಾವಿಯ ಹಾಗೆ ಆಗಿದೆ ನೋಡು."

ಸುಮ್ಮನಿದ್ದರೆ ಆಗಿತ್ತು. ಚಿಂತೆ ಮಾಡುವವರ ಗುಣವೇ ಇದು, ವರ್ಷಗಟ್ಟಲೆ ಕಾಪಾಡಿದ್ದನ್ನು ಯಾವುದೋ ತಲೆಬುಡವಿಲ್ಲದ ದಿನ ಕೈಬಿಡುತ್ತೇವೆ.

"ಆಗಲೂ ಕೇಳ್ತಾ ಇತ್ತು ಅಮ್ಮ."

"ನಿನಗಾ?"

"ನನಗೂ ಕೇಳಿದೆ. ಪಪ್ಪನಿಗೂ."

ತೆರೆದ ಕಣ್ಣು, ಗೊರಕೆ, ಎಲ್ಲವನ್ನೂ ಹೇಳಿದೆ. ಅಮ್ಮ ಗೋಡೆಯ ಪಕ್ಕದ ಕುರ್ಚಿಯ ಕಡೆ ತಿರುಗಿದಳು. ಅದನ್ನು ಅವಳು ಅಲ್ಲಿಂದ ಸರಿಸಿಯೇ ಇರಲಿಲ್ಲ. ನಾನು ಏನೋ ಮುರಿದು ಬೀಳುವ ಸದ್ದಿಗೆ ಕಾಯುತ್ತಾ ನಿಂತೆ.

"ಓವರ್‌ಟೈಮ್ ಅಂತ ಹೇಳಿದ್ದು," ಎಂದಳು. ಕುರ್ಚಿಯ ಹತ್ತಿರ ಹೋಗಿ, "ಅಷ್ಟು ಭಾನುವಾರ ಚಳಿಯಲ್ಲಿ ಬಸ್ ಸ್ಟಾಪಲ್ಲಿ ನಿಂತು ಕಂಡವರ ಪೆಟ್ಟಿಗೆ ಓದಿದ್ದಾ?" ಎಂದಳು. ಆಮೇಲೆ, ನನಗೆ ಅಲ್ಲದೆ, ಕುರ್ಚಿಗೆ:

"ಒಂದು ಮಾತು ಹೇಳಬಹುದಿತ್ತು."

ಬಗ್ಗಿ ಕಬೋರ್ಡಿನೊಳಗೆ ಹೋಗಿ ಸ್ಟೂಲಿನ ಮೇಲೆ ಕೂತು ಬಾಗಿಲು ಎಳೆದುಕೊಂಡಳು. ನನ್ನ ಮಂಚ ಇಲ್ಲದ ಹಾಲಿನಲ್ಲಿ ಕೂರಲು ಬೇರೆ ಜಾಗ ಇರಲಿಲ್ಲ, ಪಪ್ಪನ ಕುರ್ಚಿಯಲ್ಲಿ ಕೂತೆ. ಒಂದು ವಿಮಾನ ದಾಟಿತು. ಅಮ್ಮನ ಸ್ವರ ಹಲಗೆಯಿಂದ ನೇರ ನನ್ನ ಕಿವಿಗೆ ಬಂತು. ಅವಳು ಮಾತಾಡುತ್ತಿದ್ದದ್ದು ದೇವರ ಹತ್ತಿರ ಅಲ್ಲ.

"ಆ ಮಂಜುನಾಥ ಬಂದ ದಿನವೇ ಹೇಳಿದ, ಹುಳಿ ಕಮ್ಮಿ ಅಂತ. ನಿಮಗೂ ಕಮ್ಮಿ ಆಗ್ತಾ ಇತ್ತಾ? ಒಂದು ದಿನ ಆದ್ರೂ ಹೇಳಿದ್ದುಂಟಾ ನೀವು?"

ಇನ್ನೊಂದು ವಿಮಾನ ಬಂತು. ಅವಳು ಅದು ದಾಟಲಿ ಎಂದು ನಿಲ್ಲಿಸಿದಳು, ಮತ್ತೆ ಮುಂದುವರಿಸಿದ್ದು ಟೈಲರನ ವಿಷಯ, ಟವೆಲಿನ ವಿಷಯ, ಟ್ರೇಗೆ ಬೆಣ್ಣೆ ಇಡುವಾಗ ಕೈ ಮರಗಟ್ಟುತ್ತಿದ್ದ ವಿಷಯ. ಹೊರಗೆ ಕತ್ತಲಾಗುತ್ತಾ ಬಂದರೂ ನಾನು ದೀಪ ಹಾಕಲಿಲ್ಲ. ಕೊನೆಗೆ ಚಿಲಕದ ಸದ್ದಾದಾಗ ಕಣ್ಣು ಮುಚ್ಚಿ, ಸಣ್ಣದಾಗಿ ಗೊರಕೆ ಹೊಡೆದೆ.